ಮನೆಯ ಮಾತ್ರೆ ಡಬ್ಬಿಗೊಂದು ದಾಸ್ತಾನು ಲೆಕ್ಕ: ದೀರ್ಘಕಾಲದ ರೋಗಿಗೆ ಔಷಧಿ ತಪ್ಪದಂತೆ ನೋಡಿಕೊಳ್ಳುವ ಕ್ರಮ

ಅಮ್ಮನ ಮೂರ್ಛೆರೋಗದ ಮಾತ್ರೆ ಮುಗಿದಿದೆಯೆಂದು ನನಗೆ ತಿಳಿದದ್ದು ಯುಗಾದಿಯ ಹಿಂದಿನ ರಾತ್ರಿ ಒಂಬತ್ತೂವರೆಗೆ. ಊರಿನ ಎರಡೂ ಮೆಡಿಕಲ್ ಶಾಪ್‌ಗಳು ಬಾಗಿಲು ಹಾಕಿದ್ದವು. ನಲವತ್ತು ಕಿಲೋಮೀಟರ್ ದೂರದ ಜಿಲ್ಲಾ ಕೇಂದ್ರಕ್ಕೆ ಬೈಕಿನಲ್ಲಿ ಹೋಗಿ, ರಾತ್ರಿಯಿಡೀ ತೆರೆದಿರುವ ಅಂಗಡಿಯಿಂದ ಒಂದು ಸ್ಟ್ರಿಪ್ ತಂದು ನುಂಗಿಸುವಾಗ ಹನ್ನೆರಡು ದಾಟಿತ್ತು. ಆ ಹೊತ್ತಿಗೆ ನಾನು ಸರ್ಕಾರಿ ಆಸ್ಪತ್ರೆಯ ಔಷಧ ಉಗ್ರಾಣದಲ್ಲಿ ಹನ್ನೊಂದು ವರ್ಷ ದಾಸ್ತಾನು ಲೆಕ್ಕ ಬರೆದಿದ್ದೆ. ಸಾವಿರಾರು ಜನರ ಮಾತ್ರೆಗೆ ಲೆಕ್ಕವಿಟ್ಟವನ ಮನೆಯಲ್ಲಿ ಒಬ್ಬರ ಮಾತ್ರೆಗೆ ಲೆಕ್ಕವಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಇದಕ್ಕೇ ಇರಬೇಕು.

ಆಸ್ಪತ್ರೆಯ ಉಗ್ರಾಣದಲ್ಲಿ ಯಾರೂ ಔಷಧಿ ಮುಗಿಯುವವರೆಗೆ ಕಾಯುವುದಿಲ್ಲ. ಪ್ರತಿಯೊಂದಕ್ಕೂ ಒಂದು ಮಟ್ಟವನ್ನು ಮೊದಲೇ ಗೊತ್ತುಮಾಡಿ, ದಾಸ್ತಾನು ಆ ಮಟ್ಟಕ್ಕೆ ಇಳಿದ ದಿನವೇ ಇಂಡೆಂಟ್, ಅಂದರೆ ಬೇಡಿಕೆ ಪತ್ರ, ಬರೆಯುತ್ತಾರೆ. ಮನೆಗಳಲ್ಲಿ ನಡೆಯುವುದು ಇದರ ತಿರುವುಮುರುವು: ಕೊನೆಯ ಮಾತ್ರೆ ನುಂಗಿ ಖಾಲಿ ಸ್ಟ್ರಿಪ್ ಕೈಗೆ ಬಂದಾಗ ಅಂಗಡಿಯ ನೆನಪಾಗುತ್ತದೆ. ಆ ದಿನ ಭಾನುವಾರವಾಗಿದ್ದರೆ, ಅಂಗಡಿಯವರು 'ಸ್ಟಾಕ್ ಇಲ್ಲ, ನಾಳೆ ಸಾಯಂಕಾಲ ಬರುತ್ತೆ' ಅಂದರೆ, ಮಗ ಊರಲ್ಲಿಲ್ಲದಿದ್ದರೆ ಸರಪಳಿ ಅಲ್ಲಿಗೆ ಕಡಿಯುತ್ತದೆ. ಆ ಉಗ್ರಾಣದ ಪದ್ಧತಿಯನ್ನೇ ಮನೆಯ ಅಳತೆಗೆ ಇಳಿಸಿ ಕೆಳಗೆ ಬರೆದಿದ್ದೇನೆ.

ಹೆಜ್ಜೆ 1: ಪಟ್ಟಿ ಬರೆಯಿರಿ

ಡಬ್ಬಿಯಲ್ಲಿರುವುದನ್ನೆಲ್ಲ ಮೇಜಿನ ಮೇಲೆ ಸುರಿದು, ವೈದ್ಯರ ಇತ್ತೀಚಿನ ಚೀಟಿಯನ್ನು ಪಕ್ಕದಲ್ಲಿಟ್ಟುಕೊಂಡು, ಒಂದೊಂದು ಮಾತ್ರೆಗೆ ಒಂದೊಂದು ಸಾಲು ಬರೆಯಿರಿ. ಕಂಪನಿಯ ಹೆಸರಿನ ಜೊತೆಗೆ ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುವ ಔಷಧದ ಮೂಲ ಹೆಸರು, ಎಷ್ಟು ಮಿಲಿಗ್ರಾಂ, ದಿನಕ್ಕೆ ಎಷ್ಟು, ಯಾವ ಹೊತ್ತಿಗೆ, ಒಂದು ಸ್ಟ್ರಿಪ್‌ನಲ್ಲಿ ಎಷ್ಟು ಮಾತ್ರೆ, ಇಂದು ಎಷ್ಟು ಉಳಿದಿದೆ ಎಂಬಿಷ್ಟು ಸಾಕು.

ಹೆಸರಿನ ಬಾಲವನ್ನು ಬಿಡಬೇಡಿ. ಟೆಲ್ಮಿಸಾರ್ಟನ್ ಇರುವ ಬಿಪಿ ಮಾತ್ರೆಯ ಹೆಸರಿನ ಕೊನೆಗೆ 'ಎಚ್' ಇದ್ದರೆ ಅದರಲ್ಲಿ ಮೂತ್ರ ಹೆಚ್ಚಿಸುವ ಇನ್ನೊಂದು ಔಷಧಿ ಸೇರಿರುತ್ತದೆ, 'ಎಎಂ' ಇದ್ದರೆ ಅಮ್ಲೋಡಿಪಿನ್ ಸೇರಿರುತ್ತದೆ. 'ಎಸ್‌ಆರ್', 'ಎಕ್ಸ್‌ಆರ್', 'ಸಿಆರ್' ಎಂದಿದ್ದರೆ ಅದು ನಿಧಾನವಾಗಿ ಕರಗುವಂತೆ ಮಾಡಿದ ಮಾತ್ರೆ, ಜಜ್ಜಿ ಪುಡಿಮಾಡುವಂತಿಲ್ಲ. ಫೋನಿನಲ್ಲಿ ಮಗನಿಗೆ 'ಆ ಗುಲಾಬಿ ಬಣ್ಣದ ಬಿಪಿ ಮಾತ್ರೆ ಮುಗಿದಿದೆ' ಎಂದು ಹೇಳಿ ತರಿಸಿದಾಗ ಆಗುವ ಎಡವಟ್ಟುಗಳಲ್ಲಿ ಬಹುಪಾಲು ಈ ಒಂದೆರಡು ಅಕ್ಷರಗಳಲ್ಲೇ ಹುಟ್ಟುತ್ತವೆ. ಪಟ್ಟಿಯ ಜೊತೆಗೆ ಪ್ರತಿ ಸ್ಟ್ರಿಪ್‌ನ ಎರಡೂ ಬದಿಯ ಫೋಟೋ ತೆಗೆದು ಮನೆಯ ಇಬ್ಬರ ಮೊಬೈಲಿನಲ್ಲಾದರೂ ಇರಿಸಿ.

ಹೆಜ್ಜೆ 2: ಒಂದು ಹೊತ್ತೂ ತಪ್ಪಬಾರದ್ದು ಯಾವುದೆಂದು ಕೇಳಿ ತಿಳಿಯಿರಿ

ಉಗ್ರಾಣದಲ್ಲಿ ಔಷಧಿಗಳನ್ನು ಮೂರು ಪಂಗಡ ಮಾಡುವ ಪದ್ಧತಿಯಿದೆ: ಇಲ್ಲದಿದ್ದರೆ ಜೀವಕ್ಕೆ ಸಂಚಕಾರ ತರುವಂಥವು, ಅಗತ್ಯವಾದವು, ಇದ್ದರೆ ಒಳ್ಳೆಯದು ಅನ್ನುವಂಥವು. ಮನೆಯ ಪಟ್ಟಿಯನ್ನೂ ಹೀಗೆಯೇ ವಿಂಗಡಿಸಬೇಕು. ಮುಂದಿನ ಸಲ ಹೋದಾಗ ಪಟ್ಟಿಯನ್ನು ವೈದ್ಯರ ಮುಂದಿಟ್ಟು, 'ಇವುಗಳಲ್ಲಿ ಹಠಾತ್ತನೆ ನಿಲ್ಲಿಸಬಾರದ್ದು ಯಾವುದು ಸಾರ್?' ಎಂದು ಕೇಳಿ ಅದರ ಮುಂದೆ ಕೆಂಪು ಶಾಯಿಯಲ್ಲಿ ಗುರುತು ಹಾಕಿಸಿಕೊಳ್ಳಿ.

ಸಾಮಾನ್ಯವಾಗಿ ಕೆಂಪು ಗುರುತು ಬೀಳುವುದು ಇವುಗಳಿಗೆ: ಇನ್ಸುಲಿನ್, ಮೂರ್ಛೆರೋಗದ ಮಾತ್ರೆಗಳು, ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರ ಕ್ಲೋಪಿಡೋಗ್ರೆಲ್‌ನಂತಹ ಮಾತ್ರೆ, ಹೃದಯದ ಕವಾಟದ ಶಸ್ತ್ರಚಿಕಿತ್ಸೆಯಾದವರಿಗೆ ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಅಥವಾ ಅಸೆನೊಕುಮರಾಲ್, ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತಿರುವ ಪ್ರೆಡ್ನಿಸೊಲೋನ್‌ನಂತಹ ಸ್ಟಿರಾಯ್ಡ್, ಬಿಪಿ, ಹೃದಯದ ಕಾಯಿಲೆಗಳಿಗೆ ಕೊಡುವ ಮೆಟೊಪ್ರೊಲಾಲ್, ಪ್ರೊಪ್ರನೊಲಾಲ್, ಕ್ಲೋನಿಡಿನ್, ಮೂತ್ರಪಿಂಡ ಕಸಿಯಾದವರ ಟ್ಯಾಕ್ರೊಲಿಮಸ್, ಮಾನಸಿಕ ಕಾಯಿಲೆಗೆ ಕೊಡುವ ಲಿಥಿಯಂ, ಕ್ಷಯ ಮತ್ತು ಎಚ್‌ಐವಿಯ ಔಷಧಿಗಳು. ಇವುಗಳಲ್ಲಿ ಕೆಲವನ್ನು ನಿಲ್ಲಿಸಿದರೆ ರೋಗ ಮೊದಲಿಗಿಂತ ಜೋರಾಗಿ ಮರುಕಳಿಸುತ್ತದೆ, ಕೆಲವನ್ನು ಬಿಟ್ಟುಬಿಟ್ಟು ತೆಗೆದುಕೊಂಡರೆ ರೋಗಾಣು ಆ ಔಷಧಿಗೆ ಬಗ್ಗದಂತಾಗುತ್ತದೆ. ಥೈರಾಯ್ಡ್ ಮಾತ್ರೆಯ ವಿಷಯ ಬೇರೆ. ಲೆವೊಥೈರಾಕ್ಸಿನ್‌ನ ಪ್ರಮಾಣ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಒಂದು ವಾರ ಬೇಕು, ಒಂದು ದಿನ ತಪ್ಪಿದ್ದಕ್ಕೆ ಗಾಬರಿಯಾಗಬೇಕಿಲ್ಲ. ಇನ್ನು ವಿಟಮಿನ್ ಮಾತ್ರೆಗೆ ರಾತ್ರೋರಾತ್ರಿ ಬೈಕ್ ಹತ್ತುವುದು ಬೇಡ.

ಕೆಂಪು ಗುರುತಿನವು ಮನೆಯಲ್ಲಿ ಯಾವಾಗಲೂ ಒಂದು ತಿಂಗಳಿನಷ್ಟು ಹೆಚ್ಚಿಗೆ ಇರಲಿ, ಉಳಿದ ನಿತ್ಯದ ಮಾತ್ರೆಗಳು ಹದಿನೈದು ದಿನಕ್ಕಾಗುವಷ್ಟು. ಇದು ನನ್ನ ಲೆಕ್ಕ. ಅಂಗಡಿ ಮನೆಯ ಎದುರಿಗೇ ಇರುವವರು ಇನ್ನೂ ಕಡಿಮೆ ಮಾಡಿಕೊಳ್ಳಬಹುದು. ಆದರೆ ರಿಯಾಯಿತಿ ಸಿಗುತ್ತದೆಂದು ಆರು ತಿಂಗಳಿನದನ್ನು ಒಟ್ಟಿಗೆ ಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ವೈದ್ಯರು ಮಾತ್ರೆ ಬದಲಿಸಿದ ದಿನ ಅದಷ್ಟೂ ವ್ಯರ್ಥ, ಅದಕ್ಕಿಂತ ಕೆಟ್ಟದ್ದೆಂದರೆ 'ಇರುವುದನ್ನು ಮುಗಿಸಿಬಿಡೋಣ' ಎಂದು ಹಿರಿಯರು ಹಳೆಯದನ್ನೂ ಹೊಸದನ್ನೂ ಕೂಡಿಸಿ ನುಂಗುವುದು.

ಹೆಜ್ಜೆ 3: ತರುವ ದಿನವನ್ನು ಗೊತ್ತುಮಾಡಿ

ಇಡೀ ಕ್ರಮದ ಜೀವಾಳ ಇದೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಎರಡು ಸಂಖ್ಯೆಗಳು ಬೇಕು. ಮೊದಲನೆಯದು, ಮಾತ್ರೆ ಬೇಕೆಂದು ಗೊತ್ತಾದ ದಿನದಿಂದ ಅದು ಕೈಗೆ ಬರುವವರೆಗೆ ಹಿಡಿಯುವ ದಿನಗಳು. ಪೇಟೆಗೆ ಹೋಗುವುದು ವಾರಕ್ಕೊಮ್ಮೆ ಸಂತೆಯ ದಿನ ಮಾತ್ರ ಎಂದಾದರೆ ಅದು 7 ದಿನ. ಎರಡನೆಯದು, ಮೇಲೆ ಹೇಳಿದ ಹೆಚ್ಚುವರಿ ದಾಸ್ತಾನು, 15 ದಿನ ಎಂದಿಟ್ಟುಕೊಳ್ಳಿ. ಎರಡನ್ನೂ ಕೂಡಿಸಿದರೆ 22. ದಿನಕ್ಕೊಂದು ನುಂಗುವ ಮಾತ್ರೆಯಾದರೆ 22 ಉಳಿದಾಗ, ದಿನಕ್ಕೆರಡು ನುಂಗುವ, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಆದರೆ 44 ಉಳಿದಾಗ ತರಬೇಕು. ಈ ಸಂಖ್ಯೆಯನ್ನು ಪಟ್ಟಿಯ ಆಯಾ ಸಾಲಿನ ಕೊನೆಗೆ ದಪ್ಪಗೆ ಬರೆಯಿರಿ. ಡಬ್ಬಿಯಲ್ಲಿ ಅಷ್ಟು ಮಾತ್ರೆಗಳಿದ್ದೂ ತರಲು ಹೊರಟರೆ ಮನೆಯವರು ನಕ್ಕಾರು, ನಗಲಿ.

ಇನ್ನೊಂದು ತೊಡಕು ಸ್ಟ್ರಿಪ್‌ಗಳದ್ದು. ಒಂದು ಹತ್ತರ ಸ್ಟ್ರಿಪ್, ಇನ್ನೊಂದು ಹದಿನೈದರದ್ದು, ಮತ್ತೊಂದು ಹದಿನಾಲ್ಕರದ್ದು. ಹೀಗಾಗಿ ಒಂದೇ ದಿನ ಕೊಂಡ ನಾಲ್ಕು ಮಾತ್ರೆಗಳು ನಾಲ್ಕು ಬೇರೆ ದಿನ ಮುಗಿಯುತ್ತವೆ, ತಿಂಗಳಿಗೆ ನಾಲ್ಕು ಸಲ ಅಂಗಡಿಗೆ ಅಲೆಯಬೇಕಾಗುತ್ತದೆ, ಆ ನಾಲ್ಕರಲ್ಲೊಂದು ಸಲ ಮರೆತೇ ಹೋಗುತ್ತದೆ. ಎಲ್ಲವನ್ನೂ ಒಂದೇ ದಿನಾಂಕಕ್ಕೆ ತಂದು ನಿಲ್ಲಿಸುವುದು ಇದಕ್ಕೆ ಉಪಾಯ.

ಒಂದು ಉದಾಹರಣೆ ನೋಡೋಣ. ಇಂದು ಎಣಿಸಿದಾಗ ಮೆಟ್‌ಫಾರ್ಮಿನ್ 18, ಟೆಲ್ಮಿಸಾರ್ಟನ್ 11, ಅಟೋರ್ವಾಸ್ಟಾಟಿನ್ 23, ಆಸ್ಪಿರಿನ್ 5 ಇವೆ. ಮೆಟ್‌ಫಾರ್ಮಿನ್ ದಿನಕ್ಕೆರಡು, ಉಳಿದವು ಒಂದೊಂದು. ಈಗ ಎಲ್ಲವನ್ನೂ 45 ದಿನಕ್ಕಾಗುವಷ್ಟು, ಅಂದರೆ ಒಂದು ತಿಂಗಳಿನದು ಮತ್ತು ಹೆಚ್ಚುವರಿ ಹದಿನೈದು ದಿನದ್ದು ಮಾಡಬೇಕು. ಮೆಟ್‌ಫಾರ್ಮಿನ್ 90 ಬೇಕು, 18 ಇದೆ, ಕೊಳ್ಳಬೇಕಾದ್ದು 72, ಅಂದರೆ ಹತ್ತರ 8 ಸ್ಟ್ರಿಪ್. ಟೆಲ್ಮಿಸಾರ್ಟನ್ 34 ಬೇಕು, ಹದಿನೈದರ 3 ಸ್ಟ್ರಿಪ್. ಅಟೋರ್ವಾಸ್ಟಾಟಿನ್ 22 ಬೇಕು, ಹತ್ತರ 3 ಸ್ಟ್ರಿಪ್. ಆಸ್ಪಿರಿನ್ 40 ಬೇಕು, ಹದಿನಾಲ್ಕರ 3 ಸ್ಟ್ರಿಪ್. ಈ ಒಂದು ಖರೀದಿ ಜೇಬಿಗೆ ಭಾರವೆನಿಸೀತು. ಆದರೆ ಮುಂದೆ ಪ್ರತಿ ತಿಂಗಳೂ ಒಂದು ಗೊತ್ತಾದ ದಿನ, ಪಿಂಚಣಿ ಬರುವ ದಿನವೋ ಸಂಬಳದ ಮರುದಿನವೋ, ಒಂದೇ ಸಲ ಹೋಗಿ ಆ ತಿಂಗಳು ಕಡಿಮೆಯಾದಷ್ಟನ್ನು ತುಂಬಿಸಿಕೊಂಡು ಬಂದರಾಯಿತು. ಎಣಿಸಿದ ಮೇಲೆ ಹೋಗಬೇಕು ಎಂಬುದನ್ನು ಮಾತ್ರ ಬಿಡಬೇಡಿ. ಎಣಿಕೆಯಲ್ಲಿ ಮಾತ್ರೆ ಲೆಕ್ಕಕ್ಕಿಂತ ಹೆಚ್ಚು ಉಳಿದಿದ್ದರೆ ಅಷ್ಟು ಹೊತ್ತು ನುಂಗುವುದು ತಪ್ಪಿದೆ ಎಂದರ್ಥ, ಇದು ವೈದ್ಯರಿಗೂ ತಿಳಿಯಬೇಕಾದ ವಿಷಯ.

ಇನ್ಸುಲಿನ್‌ಗೆ ಪ್ರತ್ಯೇಕ ಲೆಕ್ಕ

ಬೆಳಿಗ್ಗೆ 14, ರಾತ್ರಿ 10, ಒಟ್ಟು ದಿನಕ್ಕೆ 24 ಯೂನಿಟ್ ತೆಗೆದುಕೊಳ್ಳುವವರನ್ನು ತೆಗೆದುಕೊಳ್ಳಿ. ನಮ್ಮಲ್ಲಿ ಸಿಗುವ ಸಾಮಾನ್ಯ ಬಾಟಲಿ 10 ಮಿಲಿಲೀಟರಿನದು, ಮಿಲಿಲೀಟರಿಗೆ 40 ಯೂನಿಟ್, ಒಟ್ಟು 400 ಯೂನಿಟ್. ಅದು 16 ದಿನ ಬರುತ್ತದೆ. ಪೆನ್ ಬಳಸುವವರ 3 ಮಿಲಿಲೀಟರಿನ ಕಾರ್ಟ್ರಿಡ್ಜ್‌ನಲ್ಲಿ ಮಿಲಿಲೀಟರಿಗೆ 100ರಂತೆ 300 ಯೂನಿಟ್ ಇರುತ್ತದೆ. 300ನ್ನು 24ರಿಂದ ಭಾಗಿಸಿ ಹನ್ನೆರಡು ದಿನ ಬಂತೆಂದು ಲೆಕ್ಕ ಹಾಕಿದವರು ಹನ್ನೊಂದನೆಯ ದಿನ ಪೇಚಿಗೆ ಸಿಲುಕುತ್ತಾರೆ, ಏಕೆಂದರೆ ಪ್ರತಿ ಸಲ ಚುಚ್ಚುವ ಮೊದಲು ಗಾಳಿ ಹೋಗಲಾಡಿಸಲು 2 ಯೂನಿಟ್ ಹೊರಗೆ ಬಿಡಬೇಕು. ಆಗ ದಿನದ ಖರ್ಚು 28, ಕಾರ್ಟ್ರಿಡ್ಜ್ ಬರುವುದು 10 ದಿನ.

ಕಡಿಮೆ ಯೂನಿಟ್ ತೆಗೆದುಕೊಳ್ಳುವವರ ತಪ್ಪು ಬೇರೆ ರೀತಿಯದು. ದಿನಕ್ಕೆ 8 ಯೂನಿಟ್ ಆದರೆ ಬಾಟಲಿ 50 ದಿನ ಬರುತ್ತದೆಂದು ಕಾಗದದ ಲೆಕ್ಕ ಹೇಳುತ್ತದೆ. ಆದರೆ ಒಮ್ಮೆ ತೆರೆದ ಇನ್ಸುಲಿನ್ ಅನ್ನು ಸಾಮಾನ್ಯವಾಗಿ 4 ವಾರಕ್ಕಿಂತ ಹೆಚ್ಚು ಬಳಸುವಂತಿಲ್ಲ; ಪೆಟ್ಟಿಗೆಯೊಳಗಿನ ಕಾಗದದಲ್ಲಿ ಅದರದ್ದೇ ಅವಧಿ ಇರುತ್ತದೆ, ಓದಿ. ತೆರೆದ ತಾರೀಕನ್ನು ಬಾಟಲಿಯ ಮೇಲೆ ಪೆನ್ನಿನಲ್ಲಿ ಬರೆಯಿರಿ.

ಸಿರಿಂಜಿನ ವಿಷಯದಲ್ಲಿ ಉದಾಸೀನ ಬೇಡವೇ ಬೇಡ. ಮಿಲಿಲೀಟರಿಗೆ 40 ಯೂನಿಟ್ಟಿನ ಬಾಟಲಿಗೆ ಕೆಂಪು ಟೋಪಿಯ ಸಿರಿಂಜ್, 100 ಯೂನಿಟ್ಟಿನದಕ್ಕೆ ಕಿತ್ತಳೆ ಟೋಪಿಯದು. 100ರ ಇನ್ಸುಲಿನ್ ಅನ್ನು 40ರ ಸಿರಿಂಜಿನಲ್ಲಿ ಎಳೆದರೆ ದೇಹಕ್ಕೆ ಹೋಗುವುದು ಎರಡೂವರೆ ಪಟ್ಟು. ಎಂದಿನ ಬಾಟಲಿ ಸಿಗಲಿಲ್ಲವೆಂದು ಬೇರೆಯದನ್ನು ತಂದ ದಿನವೇ ಇಂಥ ಅಪಾಯ ಹೆಚ್ಚು. ಆದ್ದರಿಂದ ಇನ್ಸುಲಿನ್ ಜೊತೆಗೆ ಸಿರಿಂಜ್ ಅಥವಾ ಪೆನ್ನಿನ ಸೂಜಿ, ಗ್ಲೂಕೋಮೀಟರಿಗೆ ಹಾಕುವ ರಕ್ತ ಪರೀಕ್ಷೆಯ ಸ್ಟ್ರಿಪ್ ಇವೂ ದಾಸ್ತಾನಿನ ಲೆಕ್ಕದಲ್ಲಿರಬೇಕು.

ತೆರೆಯದ ಬಾಟಲಿಗಳನ್ನು ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯ ನಡುವೆ ಇಡಬೇಕು, ಫ್ರೀಜರಿನ ಹತ್ತಿರ ಇಡಬಾರದು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಎಸೆಯಬೇಕಾದ್ದೇ. ಫ್ರಿಜ್ ಇಲ್ಲದ ಮನೆಯಲ್ಲಿ ಒಂದು ಮಣ್ಣಿನ ಮಡಕೆಯೊಳಗೆ ಇನ್ನೊಂದು ಸಣ್ಣ ಮಡಕೆಯಿಟ್ಟು, ನಡುವೆ ಮರಳು ತುಂಬಿ ನೀರು ಹಾಕುತ್ತ, ಬಾಟಲಿಯನ್ನು ನೀರು ತಾಗದಂತೆ ಪ್ಲಾಸ್ಟಿಕ್ ಚೀಲದಲ್ಲಿ ಒಳಗಿನ ಮಡಕೆಯಲ್ಲಿಡಬಹುದು. ಇದು ಫ್ರಿಜ್‌ಗೆ ಸಮವಲ್ಲ, ಹಾಗಾಗಿ ಅಂಥ ಮನೆಯಲ್ಲಿ ಹೆಚ್ಚುವರಿ ದಾಸ್ತಾನನ್ನು ಒಂದು ಬಾಟಲಿಗೆ ಸೀಮಿತಗೊಳಿಸಿ.

ಹೆಜ್ಜೆ 4: ಚೀಟಿಯನ್ನು ಸರಿಯಾಗಿ ಬರೆಸಿಕೊಳ್ಳಿ

ಹಳೆಯ ಚೀಟಿ ತೋರಿಸಿದರೆ ಅಂಗಡಿಯವರು ಕೊಡುವುದಿಲ್ಲವೆಂದು ಸಿಟ್ಟಾಗುವವರು ಒಂದು ಸಂಗತಿ ತಿಳಿದಿರಬೇಕು. 1945ರ ಔಷಧ ನಿಯಮಗಳ ಪ್ರಕಾರ, ಚೀಟಿಯ ಮೇಲಷ್ಟೇ ಮಾರಬೇಕಾದ 'ಎಚ್' ಮುಂತಾದ ಷೆಡ್ಯೂಲಿನ ಔಷಧಿಗಳನ್ನು, ವೈದ್ಯರು ಮತ್ತೆ ಕೊಡಬಹುದೆಂದು ಬರೆಯದ ಹೊರತು, ಒಂದು ಚೀಟಿಗೆ ಒಂದೇ ಸಲ ಕೊಡಬೇಕು. ಎಷ್ಟು ಸಲ ಅಥವಾ ಎಷ್ಟು ದಿನಕ್ಕೊಮ್ಮೆ ಎಂದು ಬರೆದಿದ್ದರೆ ಹಾಗೆಯೇ ಕೊಡಬಹುದು. ಬಿಪಿ, ಶುಗರ್, ಫಿಟ್ಸ್ ಮಾತ್ರೆಗಳಲ್ಲಿ ಬಹಳಷ್ಟು ಇದರೊಳಗೇ ಬರುತ್ತವೆ. ಎಲ್ಲ ಅಂಗಡಿಗಳೂ ಇದನ್ನು ಕಟ್ಟುನಿಟ್ಟಾಗಿ ಪಾಲಿಸುವುದಿಲ್ಲ, ಆದರೆ ಹೊಸ ಊರಿನ ಅಪರಿಚಿತ ಅಂಗಡಿ ಪಾಲಿಸಿದ ದಿನವೇ ನಿಮ್ಮ ಮಾತ್ರೆ ಮುಗಿದಿರುತ್ತದೆ.

ಆದ್ದರಿಂದ ವೈದ್ಯರ ಕೋಣೆಯಿಂದ ಹೊರಬರುವ ಮೊದಲೇ ಚೀಟಿಯಲ್ಲಿ ಮೂರು ಅಂಶಗಳಿವೆಯೇ ನೋಡಿ: ಓದಲು ಬರುವ ಅಕ್ಷರದಲ್ಲಿ ಔಷಧಿಯ ಮೂಲ ಹೆಸರು, ಎಷ್ಟು ತಿಂಗಳು ಮುಂದುವರಿಸಬೇಕು ಎಂಬುದು, ತಿಂಗಳಿಗೊಮ್ಮೆ ಮತ್ತೆ ಕೊಡಬಹುದು ಎಂಬ ಸಾಲು. ಕೇಳಿದರೆ ಬಹುತೇಕ ವೈದ್ಯರು ಬರೆದುಕೊಡುತ್ತಾರೆ. ಚೀಟಿಯ ಅವಧಿ ಮುಗಿಯುವ ತಾರೀಕನ್ನೂ ಪಟ್ಟಿಗೆ ಸೇರಿಸಿ, ಅದಕ್ಕೆ ಎರಡು ವಾರ ಮುಂಚೆ ವೈದ್ಯರ ಭೇಟಿ ಇಟ್ಟುಕೊಳ್ಳಿ. ಹೋಗಲಾಗದವರಿಗೆ ಸರ್ಕಾರದ ಇ-ಸಂಜೀವಿನಿಯಂತಹ ದೂರವಾಣಿ ಚಿಕಿತ್ಸೆಯಿದೆ. 2020ರ ಮಾರ್ಚಿನ ಟೆಲಿಮೆಡಿಸಿನ್ ಮಾರ್ಗಸೂಚಿ ಹಳೆಯ ರೋಗಿಗೆ ಅದೇ ಔಷಧಿಯನ್ನು ಮುಂದುವರಿಸಿ ಬರೆದುಕೊಡಲು ಅವಕಾಶ ನೀಡಿದೆ. ಆದರೆ ಮಾದಕ ಔಷಧಿಗಳನ್ನೂ ಇನ್ನೂ ಬಿಗಿ ನಿಯಂತ್ರಣದ 'ಎಕ್ಸ್' ಷೆಡ್ಯೂಲಿನವನ್ನೂ ಫೋನಿನಲ್ಲಿ ಬರೆಯುವಂತಿಲ್ಲ.

ಹೆಜ್ಜೆ 5: ಒಂದೇ ಬಾಗಿಲನ್ನು ನಂಬಬೇಡಿ

ಬಿಪಿ ಮತ್ತು ಸಕ್ಕರೆ ಕಾಯಿಲೆಯ ಸಾಮಾನ್ಯ ಮಾತ್ರೆಗಳು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ನಗರಗಳ ನಮ್ಮ ಕ್ಲಿನಿಕ್‌ನಲ್ಲಿ, ತಾಲ್ಲೂಕು ಮತ್ತು ಜಿಲ್ಲಾಸ್ಪತ್ರೆಗಳಲ್ಲಿ ಸಾಂಕ್ರಾಮಿಕವಲ್ಲದ ರೋಗಗಳಿಗೆಂದೇ ಇರುವ ಎನ್‌ಸಿಡಿ ಕ್ಲಿನಿಕ್‌ನಲ್ಲಿ ಉಚಿತವಾಗಿ ಸಿಗುತ್ತವೆ. 2024ರಲ್ಲಿ ಕೋಲಾರ ಜಿಲ್ಲೆಯಿಂದ ಆರಂಭವಾದ ಗೃಹ ಆರೋಗ್ಯ ಯೋಜನೆಯಲ್ಲಿ ಆರೋಗ್ಯ ಸಿಬ್ಬಂದಿ ಮನೆಬಾಗಿಲಿಗೇ ಬಂದು ತಪಾಸಣೆ ಮಾಡುವ ಕ್ರಮವೂ ಬಂದಿದೆ. ಸರ್ಕಾರಿ ಮಾತ್ರೆ ನಿಮಗೆ ಬೇಕೆಂದಿದ್ದರೆ ಹೆಸರು ನೋಂದಾಯಿಸಿಕೊಂಡು ತಪ್ಪದೆ ಹೋಗಿ. ಇದರ ಹಿಂದಿನ ಗುಟ್ಟು ಉಗ್ರಾಣದಲ್ಲಿದ್ದವರಿಗೆ ಗೊತ್ತು. ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮ ಟೆಂಡರ್ ಮೂಲಕ ಕೊಂಡು, ಉಗ್ರಾಣಗಳ ಮೂಲಕ ಆಸ್ಪತ್ರೆಗಳಿಗೆ ಹಂಚುತ್ತದೆ. ಆಸ್ಪತ್ರೆಯವರು ಬೇಡಿಕೆ ಬರೆಯುವುದು ಹಿಂದಿನ ಬಳಕೆಯನ್ನು ನೋಡಿ. ಹಳ್ಳಿಯಲ್ಲಿ ನೂರು ಜನ ಬಿಪಿಯವರಿದ್ದು ನಲವತ್ತು ಜನ ಮಾತ್ರ ಬಂದು ಮಾತ್ರೆ ಪಡೆದರೆ, ಕಾಗದದಲ್ಲಿರುವುದು ನಲವತ್ತು ಜನರೇ. ಉಳಿದವರು ಒಮ್ಮೆಲೇ ಬಂದಾಗ 'ಖಾಲಿಯಾಗಿದೆ' ಎಂಬ ಉತ್ತರ ಬರುವುದರಲ್ಲಿ ಆಶ್ಚರ್ಯವಿಲ್ಲ.

ಖಾಲಿಯಾಗಿದೆ ಎಂದರೆ ಸುಮ್ಮನೆ ಹಿಂತಿರುಗಬೇಡಿ. ಯಾವಾಗ ಬರುತ್ತದೆ ಎಂದು ಕೇಳಿ, ನಿಮ್ಮ ಚಿಕಿತ್ಸೆಯ ಪುಸ್ತಕದಲ್ಲಿ 'ದಾಸ್ತಾನು ಇಲ್ಲ' ಎಂದು ಬರೆಸಿ, ವೈದ್ಯಾಧಿಕಾರಿಗಳನ್ನು ಕಾಣಿ. ಆರೋಗ್ಯ ರಕ್ಷಾ ಸಮಿತಿಯ ಹಣದಲ್ಲಿ ತುರ್ತಿಗೆ ಸ್ಥಳೀಯವಾಗಿ ಕೊಳ್ಳುವ ದಾರಿ ಅವರಿಗಿರುತ್ತದೆ. ಅಲ್ಲೂ ಆಗದಿದ್ದರೆ ತಾಲ್ಲೂಕು ಆರೋಗ್ಯಾಧಿಕಾರಿ, ಅನಂತರ ಜಿಲ್ಲಾ ಆರೋಗ್ಯಾಧಿಕಾರಿ. ಜೊತೆಗೆ 104 ಆರೋಗ್ಯ ಸಹಾಯವಾಣಿ. ಕೌಂಟರಿನಲ್ಲಿ ಕೂತವರ ಮೇಲೆ ರೇಗಿ ಪ್ರಯೋಜನವಿಲ್ಲ, ಅವರ ಕೈಯಲ್ಲಿ ಟೆಂಡರಿಲ್ಲ.

ಮಾನಸಿಕ ಕಾಯಿಲೆಯ ಔಷಧಿಗೆ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಇದೆ, ಸಲಹೆಗೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್‌ನ 14416 ಇದೆ. ಕ್ಷಯದ ಔಷಧಿ ಸರ್ಕಾರದಿಂದ ಉಚಿತ.

ಎರಡನೆಯ ಬಾಗಿಲು ಜನೌಷಧಿ ಕೇಂದ್ರ. 2008ರಲ್ಲಿ ಆರಂಭವಾದ ಈ ಯೋಜನೆಯ ಮಳಿಗೆಗಳಲ್ಲಿ ಔಷಧಿಗಳು ಮೂಲ ಹೆಸರಿನಲ್ಲೇ, ಬ್ರಾಂಡ್ ಬೆಲೆಯ ಅರ್ಧಕ್ಕೂ ಕಡಿಮೆಗೆ ಸಿಗುತ್ತವೆ. ಆದರೆ ಎಲ್ಲ ಕೇಂದ್ರದಲ್ಲೂ ಎಲ್ಲ ಮಾತ್ರೆ ಎಲ್ಲ ದಿನವೂ ಇರುವುದಿಲ್ಲ. ಫೋನ್ ಮಾಡಿ ಕೇಳಿಕೊಂಡೇ ಹೊರಡಿ. ಹತ್ತಿರದ ಕೇಂದ್ರ ಎಲ್ಲಿದೆ, ನಿಮ್ಮ ಔಷಧಿ ಅವರ ಪಟ್ಟಿಯಲ್ಲಿದೆಯೇ ಎಂಬುದು 'ಜನೌಷಧಿ ಸುಗಮ್' ಆ್ಯಪ್‌ನಲ್ಲಿ ತಿಳಿಯುತ್ತದೆ.

ಮೂರನೆಯದು ನಿಮ್ಮ ಬೀದಿಯ ಮೆಡಿಕಲ್ ಶಾಪ್. ಇದನ್ನು ಹಗುರವಾಗಿ ಕಾಣಬೇಡಿ. ಪ್ರತಿ ತಿಂಗಳ ಇಂಥ ದಿನ ಇಂಥ ಮಾತ್ರೆ ಇಷ್ಟು ಬೇಕು ಎಂದು ಒಂದು ಚೀಟಿ ಬರೆದುಕೊಟ್ಟರೆ, ಒಳ್ಳೆಯ ಅಂಗಡಿಯವರು ವಿತರಕರಿಂದ ಮೊದಲೇ ತರಿಸಿ ಎತ್ತಿಡುತ್ತಾರೆ. ಶೇಕಡಾ ಹತ್ತು ಇಪ್ಪತ್ತು ಉಳಿಯುತ್ತದೆಂದು ಎಲ್ಲವನ್ನೂ ಆನ್‌ಲೈನ್‌ನಲ್ಲಿ ತರಿಸುತ್ತ, ಮುಗಿದ ರಾತ್ರಿ ಮಾತ್ರ ಅಂಗಡಿಯ ಬಾಗಿಲು ಬಡಿಯುವವರಿಗೆ ಆ ಸೌಲಭ್ಯ ಸಿಗುವುದು ಕಷ್ಟ. ಆನ್‌ಲೈನ್ ತರಿಸುವವರು ಡೆಲಿವರಿಗೆ ಅವರು ಹೇಳಿದ ದಿನಕ್ಕೆ ಇನ್ನೊಂದು ವಾರ ಸೇರಿಸಿ ತರುವ ದಿನದ ಲೆಕ್ಕ ಹಾಕಿಕೊಳ್ಳಿ. ಇನ್ಸುಲಿನ್ ಅನ್ನು ಬೇಸಿಗೆಯಲ್ಲಿ ಹಾಗೆ ತರಿಸದಿರುವುದೇ ಮೇಲು.

ಊರಿನ ಯಾವ ಅಂಗಡಿಯಲ್ಲೂ ವಾರಗಟ್ಟಲೆ ಒಂದು ಔಷಧಿ ಸಿಗುತ್ತಿಲ್ಲವೆಂದರೆ ಅದು ಮಾರುಕಟ್ಟೆಯ ಕೊರತೆ. ಬೆಲೆ ನಿಯಂತ್ರಣದಲ್ಲಿರುವ ಔಷಧಿಯ ತಯಾರಿಕೆ ನಿಲ್ಲಿಸಲು ಕಂಪನಿಯು ಕನಿಷ್ಠ ಆರು ತಿಂಗಳ ಮುಂಚೆ ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರಕ್ಕೆ ತಿಳಿಸಬೇಕೆಂದು 2013ರ ಬೆಲೆ ನಿಯಂತ್ರಣ ಆದೇಶ ಹೇಳುತ್ತದೆ. ಔಷಧಿ ಸಿಗದಿದ್ದಾಗ ಜನರು ದೂರು ಕೊಡಲು 'ಫಾರ್ಮಾ ಜನ ಸಮಾಧಾನ' ಎಂಬ ವ್ಯವಸ್ಥೆಯನ್ನು ಆ ಪ್ರಾಧಿಕಾರ 2015ರಲ್ಲಿ ತೆರೆದಿದೆ. ದೂರು ಕೊಡಿ, ಆದರೆ ಅಷ್ಟರಲ್ಲಿ ವೈದ್ಯರನ್ನು ಕಂಡು ಬದಲಿ ಬರೆಸಿಕೊಳ್ಳಿ.

'ಬೇರೆ ಕಂಪನಿದು ಕೊಡ್ಲಾ?'

ಈ ಪ್ರಶ್ನೆಗೆ ಹೌದು ಎನ್ನುವ ಮೊದಲು ಪಟ್ಟಿ ತೆಗೆಯಿರಿ. ಮೂಲ ಹೆಸರು, ಮಿಲಿಗ್ರಾಂ, ಬಾಲದ ಅಕ್ಷರ, ಮೂರೂ ಒಂದೇ ಆಗಿದ್ದರೆ ಬಿಪಿ, ಕೊಲೆಸ್ಟರಾಲ್, ಮೆಟ್‌ಫಾರ್ಮಿನ್‌ನಂತಹ ಹೆಚ್ಚಿನ ಮಾತ್ರೆಗಳಲ್ಲಿ ಕಂಪನಿ ಬದಲಾದರೂ ಕೆಲಸ ಅದೇ. ನಿಯಮದ ಪ್ರಕಾರ, ಚೀಟಿಯಲ್ಲಿ ಬ್ರಾಂಡ್ ಹೆಸರು ಬರೆದಿದ್ದರೆ ಅಂಗಡಿಯವರು ತಾವಾಗಿಯೇ ಅದನ್ನು ಬದಲಿಸುವಂತಿಲ್ಲ. ಮೂಲ ಹೆಸರು ಬರೆಸಿಕೊಳ್ಳಿ ಎಂದು ನಾನು ಮೇಲೆ ಒತ್ತಿ ಹೇಳಿದ್ದು ಈ ಕಾರಣಕ್ಕೂ ಹೌದು. ಮೂರ್ಛೆರೋಗದ ಫೆನಿಟಾಯಿನ್ ಮತ್ತು ಕಾರ್ಬಮಜೆಪಿನ್, ವಾರ್ಫರಿನ್, ಲಿಥಿಯಂ, ಟ್ಯಾಕ್ರೊಲಿಮಸ್, ಲೆವೊಥೈರಾಕ್ಸಿನ್ ಇವುಗಳಲ್ಲಿ ಮಾತ್ರ ಅಲ್ಪ ವ್ಯತ್ಯಾಸವೂ ದೊಡ್ಡದಾಗಬಹುದಾದ್ದರಿಂದ ಒಂದೇ ಕಂಪನಿಯದಕ್ಕೆ ಅಂಟಿಕೊಳ್ಳುವುದು, ಬದಲಿಸಲೇಬೇಕಾದರೆ ವೈದ್ಯರಿಗೆ ತಿಳಿಸಿ ಬದಲಿಸುವುದು ಕ್ಷೇಮ.

ಸರ್ಕಾರಿ ಮಾತ್ರೆಯ ಬಣ್ಣ ಟೆಂಡರ್ ಬದಲಾದಾಗಲೆಲ್ಲ ಬದಲಾಗುತ್ತದೆ. ಹೋದ ತಿಂಗಳು ಬಿಳಿ ಇದ್ದದ್ದು ಈ ತಿಂಗಳು ಹಳದಿಯಾಗಿದೆ ಎಂದು ಅನುಮಾನಪಟ್ಟು ನುಂಗುವುದನ್ನೇ ಬಿಟ್ಟ ಅಜ್ಜಂದಿರನ್ನು ನೋಡಿದ್ದೇನೆ. ಹೊಸ ಸ್ಟ್ರಿಪ್ ಮನೆಗೆ ತಂದ ದಿನ ಹಳೆಯ ಸ್ಟ್ರಿಪ್‌ನ ಪಕ್ಕದಲ್ಲಿಟ್ಟು ಹೆಸರನ್ನು ತೋರಿಸಿ ಹೇಳಿಬಿಡಿ.

ಹೆಜ್ಜೆ 6: ಇಡುವ ಬಗೆ

ಮೊದಲು ಎಕ್ಸ್‌ಪೈರಿ ಆಗುವುದು ಮುಂದೆ, ಹೊಸದು ಹಿಂದೆ: ಉಗ್ರಾಣದ ಈ ಒಂದು ನಿಯಮ ಮನೆಗೂ ಸಾಕು. ಎಕ್ಸ್‌ಪೈರಿ ಎಂದು ಅಚ್ಚಾಗಿರುವ ತಿಂಗಳ ಕೊನೆಯ ದಿನದವರೆಗೂ ಮಾತ್ರೆಯನ್ನು ಬಳಸಬಹುದು. ಅಂಗಡಿಯವರು ಸ್ಟ್ರಿಪ್ ಕತ್ತರಿಸಿ ನಾಲ್ಕು ಮಾತ್ರೆ ಕೊಡುವಾಗ ತಾರೀಕಿರುವ ತುದಿ ಅವರಲ್ಲೇ ಉಳಿಯುತ್ತದೆ. ಆ ತುದಿಯ ಕಡೆಯಿಂದ ಕತ್ತರಿಸಿಕೊಡಿ ಎನ್ನಿ, ಇಲ್ಲವೇ ಬ್ಯಾಚ್ ನಂಬರ್ ಇರುವ ಬಿಲ್ ಜೋಡಿಸಿಡಿ. ಫ್ರಿಜ್‌ನ ತಲೆಯ ಮೇಲೆ, ಒಲೆಯ ಮೇಲಿನ ಕಪಾಟಿನಲ್ಲಿ, ಬಚ್ಚಲಿನಲ್ಲಿ ಮಾತ್ರೆ ಇಡಬೇಡಿ.

ಹೆಜ್ಜೆ 7: ಮಳೆ, ಬಂದ್, ಗುಳೆ, ಪ್ರಯಾಣ

2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ, ಮರುವರ್ಷ ಅದೇ ತಿಂಗಳು ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳು ಉಕ್ಕಿದಾಗ ಜನ ಉಟ್ಟ ಬಟ್ಟೆಯಲ್ಲೇ ಮನೆ ಬಿಟ್ಟರು. 2018ರ ಸೆಪ್ಟೆಂಬರ್ 28ರಂದು ಔಷಧಿ ವ್ಯಾಪಾರಿಗಳು ದೇಶವ್ಯಾಪಿ ಬಂದ್ ಮಾಡಿದರು. 2020ರ ಲಾಕ್‌ಡೌನಿನಲ್ಲಿ ಅಂಗಡಿ ತೆರೆದಿದ್ದರೂ ಬಸ್ಸಿರಲಿಲ್ಲ. ಮಲೆನಾಡಿನವರು, ನದಿ ದಂಡೆಯವರು ಮೇ ತಿಂಗಳ ಕೊನೆಗೆ ಹೆಚ್ಚುವರಿ ದಾಸ್ತಾನನ್ನು 15ರಿಂದ 30 ದಿನಕ್ಕೆ ಏರಿಸಿ, ಅದರಲ್ಲಿ ಹತ್ತು ದಿನದ್ದನ್ನು ಚೀಟಿಯ ನಕಲಿನ ಸಮೇತ ನೀರು ನುಗ್ಗದ ಚೀಲದಲ್ಲಿ ಕಟ್ಟಿ ಬಾಗಿಲ ಬಳಿ ತೂಗುಹಾಕಲಿ. ದೀಪಾವಳಿ, ಯುಗಾದಿ, ಊರ ಜಾತ್ರೆ ಇರುವ ತಿಂಗಳಲ್ಲಿ ಎಣಿಕೆಯನ್ನು ಒಂದು ವಾರ ಮುಂಚೆ ಮಾಡಿ.

ಕಲಬುರಗಿ, ಯಾದಗಿರಿ, ರಾಯಚೂರು ಕಡೆಯಿಂದ ಗುಳೆ ಹೋಗುವವರಲ್ಲಿ ಚಿಕಿತ್ಸೆ ನಡುವೆ ಕಡಿದುಹೋಗುವುದು ಹೆಚ್ಚು. ಕ್ಷಯದ ಚಿಕಿತ್ಸೆಯಲ್ಲಿರುವವರು ಹೊರಡುವ ಮೊದಲು ಆರೋಗ್ಯ ಕೇಂದ್ರಕ್ಕೆ ಹೋಗಿ, ಹೋಗುವ ಊರನ್ನು ತಿಳಿಸಿದರೆ ಕ್ಷಯರೋಗಿಗಳ ದಾಖಲೆಯಿಡುವ ಸರ್ಕಾರಿ ನಿಕ್ಷಯ್ ತಂತ್ರಾಂಶದಲ್ಲಿ ಹೆಸರನ್ನು ಅಲ್ಲಿಗೆ ವರ್ಗಾಯಿಸುತ್ತಾರೆ. ಎಚ್‌ಐವಿ ಚಿಕಿತ್ಸೆಯ ಎಆರ್‌ಟಿ ಕೇಂದ್ರಗಳಲ್ಲೂ ವರ್ಗಾವಣೆ ಸಾಧ್ಯ. ಬಿಪಿ ಮತ್ತು ಶುಗರ್‌ನವರಿಗೆ ಚೀಟಿಯ ನಕಲು ಮತ್ತು ಎರಡು ತಿಂಗಳ ಮಾತ್ರೆ ಜೊತೆಗಿರಲಿ.

ಮಕ್ಕಳ ಮನೆಗೆಂದು ವಿದೇಶಕ್ಕೆ ಹೋಗುವ ಹಿರಿಯರು ಮಾತ್ರೆಗಳನ್ನು ಡಬ್ಬಿಗೆ ಸುರಿಯದೆ ಸ್ಟ್ರಿಪ್‌ನಲ್ಲೇ, ಮೂಲ ಹೆಸರಿರುವ ಚೀಟಿಯ ಜೊತೆಗೆ ಕೈಚೀಲದಲ್ಲಿ ಒಯ್ಯಬೇಕು. ಕೊಲ್ಲಿ ದೇಶಗಳಿಗೆ ಹೋಗುವವರು ಟ್ರಮಡಾಲ್, ಕೊಡೀನ್ ಇರುವ ನೋವಿನ ಮತ್ತು ಕೆಮ್ಮಿನ ಔಷಧಿಗಳಿಗೆ ಅಲ್ಲಿನ ಸರ್ಕಾರದ ಅನುಮತಿ ಬೇಕೇ ಎಂದು ಮೊದಲೇ ವಿಚಾರಿಸಿಕೊಳ್ಳಲಿ.

ಇಷ್ಟಾಗಿಯೂ ಮುಗಿದರೆ

ಕೆಂಪು ಗುರುತಿನ ಮಾತ್ರೆಯಾದರೆ ಬೆಳಗಾಗಲೆಂದು ಕಾಯಬೇಡಿ. ಸ್ಟ್ರಿಪ್‌ನ ಫೋಟೋ ಮತ್ತು ಚೀಟಿಯೊಂದಿಗೆ ಹತ್ತಿರದ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಆಸ್ಪತ್ರೆಯ ಆಸುಪಾಸಿನಲ್ಲಿ ರಾತ್ರಿ ತೆರೆದಿರುವ ಔಷಧಿ ಅಂಗಡಿಯೊಂದು ಸಾಮಾನ್ಯವಾಗಿ ಇರುತ್ತದೆ. ಆ ಅಂಗಡಿಯ ಫೋನ್ ನಂಬರನ್ನು ಇಂದೇ ಪಟ್ಟಿಯ ಕೆಳಗೆ ಬರೆದಿಡಿ. ಪಕ್ಕದ ಮನೆಯವರ 'ಅದೇ ಬಿಪಿ ಮಾತ್ರೆ'ಯನ್ನು ಬಣ್ಣ ನೋಡಿ ಕಡ ತರಬೇಡಿ. ತಪ್ಪಿದ ಮಾತ್ರೆ ಸಿಕ್ಕ ಮೇಲೆ ಎರಡನ್ನು ಒಟ್ಟಿಗೆ ಕೊಡಬೇಡಿ. ವೈದ್ಯರನ್ನೋ 104ನ್ನೋ ಕೇಳಿ ಮುಂದುವರಿಸಿ. ಎರಡು ಮೂರು ದಿನ ತಪ್ಪಿದ್ದರಂತೂ, ಕೆಲವು ಔಷಧಿಗಳನ್ನು ಕಡಿಮೆ ಪ್ರಮಾಣದಿಂದ ಮತ್ತೆ ಆರಂಭಿಸಬೇಕಾಗುವುದರಿಂದ, ಕೇಳದೆ ಶುರುಮಾಡಬೇಡಿ.

ನಮ್ಮ ಮನೆಯ ಪಟ್ಟಿ ಈಗ ಅಮ್ಮನ ಕಪಾಟಿನ ಬಾಗಿಲ ಒಳಬದಿಗೆ ಅಂಟಿಸಿದೆ. ತಿಂಗಳ ಮೊದಲ ಭಾನುವಾರ ಎಣಿಸುವುದು ನನ್ನ ಕೆಲಸವಾಗಿತ್ತು. ಎರಡು ತಿಂಗಳಿನಿಂದ ಅದನ್ನು ಹತ್ತನೆಯ ತರಗತಿಯ ಮಗಳಿಗೆ ವಹಿಸಿದ್ದೇನೆ, ನಾನು ಊರಲ್ಲಿಲ್ಲದಾಗ ಲೆಕ್ಕ ನಿಲ್ಲಬಾರದಲ್ಲ. ಮೊದಲ ತಿಂಗಳೇ ಅವಳು ಎರಡು ಮಾತ್ರೆ ಹೆಚ್ಚಿಗೆ ಉಳಿದಿರುವುದನ್ನು ಹಿಡಿದಳು. ಅಜ್ಜಿ ಏಕಾದಶಿಯ ಎರಡು ದಿನ ರಾತ್ರಿಯ ಮಾತ್ರೆಯನ್ನೂ ಉಪವಾಸಕ್ಕೆ ಸೇರಿಸಿಬಿಟ್ಟಿದ್ದರು.